ಮೂಲೆ ಹರಿದ ಕಾಗದ

ನನ್ನ ತಂಗಿಯ ಮೊಮ್ಮಗಳು ಅಂಚೆ ಇಲಾಖೆಗೆ ಸೇರುತ್ತಿದ್ದಾಳೆ. ತರಬೇತಿಗೆ ಹೊರಡುವ ಮುನ್ನ ತ್ಯಾಗರಾಜನಗರದ ನನ್ನ ಮನೆಗೆ ಬಂದು, "ದೊಡ್ಡಜ್ಜಿ, ಕೆಲಸ ನಿಜವಾಗ್ಲೂ ಹೇಗಿರುತ್ತೆ ಅಂತ ಹೇಳಿ. ಬೋರಾದ್ರೂ ಪರವಾಗಿಲ್ಲ" ಎಂದಳು. ಕೊನೆಯ ಮಾತು ಅವಳ ಔದಾರ್ಯ. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ಫೋನು ನೋಡುತ್ತಾಳೆಂದು ಬರೆದುಕೊಡುತ್ತಿದ್ದೇನೆ. ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಅವು ಬರುವಾಗ ಬಂದವು. ಮೇಜು ದೊಡ್ಡದಾಯಿತು, ಕುರ್ಚಿಗೆ ಕೈಗಳು ಬಂದವು, ಅಷ್ಟೆ.

ನಾನು ಮೊದಲು ಸೇರಿದ್ದು ಚಾಮರಾಜಪೇಟೆಯ ಒಂದು ಸಣ್ಣ ಅಂಚೆ ಕಚೇರಿಗೆ. ಶಂಕರಪುರಂನಲ್ಲಿದ್ದ ತಂದೆಯ ಮನೆಯಿಂದ ನಡೆದು ಹೋಗುತ್ತಿದ್ದೆ. ತಂದೆ ಡ್ರಿಲ್ ಮೇಷ್ಟರು. ನಮ್ಮ ಮನೆಯಲ್ಲಿ ಹಲ್ಲುಜ್ಜುವುದಕ್ಕೂ ಸರದಿ ಇತ್ತು. ಆದ್ದರಿಂದ ಕಚೇರಿಯ ಶಿಸ್ತು ನನಗೆ ಹೊಸದೆನಿಸಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಹಾಗಿತ್ತು.

ಪೋಸ್ಟ್ ಮಾಸ್ಟರ್ ಸುಬ್ಬರಾಯರು ನನ್ನ ಮೊದಲ ಮೇಲಧಿಕಾರಿ. ಬೆಳಿಗ್ಗೆ ಮೊಹರಿನ ತಾರೀಖು ಬದಲಿಸಿ, ಬಿಳಿ ಹಾಳೆಯ ಮೇಲೆ ಒತ್ತಿ ಅವರಿಗೆ ತೋರಿಸಬೇಕಿತ್ತು. ಅವರು ಕನ್ನಡಕ ಏರಿಸಿ ಹಾಳೆ ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಮತ್ತೆ ಹಾಳೆ ನೋಡಿ "ಹ್ಞೂಂ" ಎನ್ನುತ್ತಿದ್ದರು. ಅಲ್ಲಿಯವರೆಗೆ ಚಾಮರಾಜಪೇಟೆಯಲ್ಲಿ ಇನ್ನೂ ನಿನ್ನೆಯೇ. ಮೊಹರು ಕೈಯಲ್ಲೇ ಒತ್ತಬೇಕು: ಒಮ್ಮೆ ಮಸಿ ದಿಂಬಿಗೆ, ಒಮ್ಮೆ ಸ್ಟಾಂಪಿಗೆ. ಹೊಸಬರು ಒತ್ತುವ ಸದ್ದಿನಲ್ಲಿ ಗಡಿಬಿಡಿ ಇರುತ್ತದೆ. ಹಳಬರ ಸದ್ದು ಅವಲಕ್ಕಿ ಕುಟ್ಟಿದ ಹಾಗೆ ಒಂದೇ ಹದ. ಈಗ ನಿಮಗೆ ಯಂತ್ರ ಇದೆ, ಕೆಂಪು ಬೆಳಕು ಇದೆ, ತಲುಪಿತು ಎಂದು ಫೋನಿಗೆ ಸಂದೇಶ ಹೋಗುತ್ತದೆ. ಒಳ್ಳೆಯದೇ. ಆದರೆ ತಲುಪುವುದು ಎಂದರೇನು ಎನ್ನುವುದನ್ನು ಯಂತ್ರಕ್ಕೆ ಕಲಿಸಿದವರು ಯಾರೋ ಬಹಳ ಆತುರದವರು. ಅದಕ್ಕೆ ಕೆಳಗಿನ ಸಂಗತಿ ಓದು.

ನಾನು ಸೇರಿ ಹೆಚ್ಚು ಕಾಲವಾಗಿರಲಿಲ್ಲ, ಬಾಂಗ್ಲಾ ಯುದ್ಧ ಬಂತು. ಯುದ್ಧ ನಡೆಯುತ್ತಿದ್ದದ್ದು ದೇಶದ ಆ ತುದಿ ಈ ತುದಿಯಲ್ಲಿ. ನಮ್ಮ ಪಾಲಿಗೆ ಬಂದದ್ದು ಚೀಲಗಳು. ಸೈನಿಕರ ಕಾಗದಗಳು ವಾರಗಟ್ಟಲೆ ಬರುತ್ತಿರಲಿಲ್ಲ, ಆಮೇಲೆ ಒಟ್ಟಿಗೆ ಬಂದು ಬೀಳುತ್ತಿದ್ದವು. ಸೈನಿಕರ ವಿಳಾಸದಲ್ಲಿ ಊರಿನ ಹೆಸರು ಇರುತ್ತಿರಲಿಲ್ಲ. ಒಂದು ಸಂಖ್ಯೆ, ಅದರ ಮುಂದೆ ಎ.ಪಿ.ಓ. ಎಂದು ಇಂಗ್ಲಿಷ್ ಅಕ್ಷರಗಳು.

"ಮೇಡಂ, ಈ ಎ.ಪಿ.ಓ. ಅನ್ನೋ ಊರು ಎಲ್ಲಿ ಬರುತ್ತೆ?" ಎಂದು ಎನ್.ಆರ್. ಕಾಲೋನಿಯಿಂದ ಒಬ್ಬ ಹೆಂಗಸು ಬಂದು ಕೇಳಿದ್ದರು.

"ಅದು ಊರಲ್ಲಮ್ಮ, ಸೈನ್ಯದ ಅಂಚೆ ಕಚೇರಿ."

"ಊರಿಲ್ಲದೆ ಕಚೇರಿ ಎಲ್ಲಿಡ್ತಾರೆ? ಬಸ್ಸಾದ್ರೂ ಹೋಗುತ್ತೋ ಇಲ್ವೋ ಹೇಳಿ."

ಬಸ್ಸು ಹೋಗುವುದಿಲ್ಲ ಎಂದೆ. ಹಾಗಾದರೆ ಉಪ್ಪಿನಕಾಯಿ ಪಾರ್ಸಲ್ ಮಾಡುತ್ತೇನೆ ಎಂದರು. ಯಾರೋ ಹಾಗೆಯೇ ಮಾಡಿಯೂ ಇದ್ದರು. ಡಬ್ಬಿ ದಾರಿಯಲ್ಲಿ ಒಡೆದು, ಚೀಲದಲ್ಲಿದ್ದ ಕಾಗದಗಳೆಲ್ಲ ಎಣ್ಣೆ ಕುಡಿದಿದ್ದವು. ಒಂದು ತಿಂಗಳ ನಂತರ ಇನ್ನೊಬ್ಬಾಕೆ ಗಂಡನ ಉತ್ತರ ಹಿಡಿದುಕೊಂಡು ಬಂದಳು. "ನಿನ್ನ ಕಾಗದಕ್ಕೆ ಮಾವಿನಕಾಯಿ ಉಪ್ಪಿನಕಾಯಿ ವಾಸನೆ ಇತ್ತು, ಕಣ್ಣಲ್ಲಿ ನೀರು ಬಂತು" ಎಂದು ಬರೆದಿದ್ದನಂತೆ. "ನಾವು ಈ ವರ್ಷ ಉಪ್ಪಿನಕಾಯೇ ಹಾಕಿಲ್ಲ. ಯಾರ ಮನೇದು ಅದು?" ಎಂದು ನನ್ನನ್ನೇ ಅನುಮಾನದಿಂದ ನೋಡಿದಳು. ಇಂಥ ಪ್ರಶ್ನೆಗಳಿಗೆ ತರಬೇತಿಯಲ್ಲಿ ಉತ್ತರ ಹೇಳಿಕೊಡುವುದಿಲ್ಲ.

ಗಿರಿಜಾ ನಮ್ಮ ಕೌಂಟರಿಗೆ ಬಂದದ್ದು ಅದೇ ದಿನಗಳಲ್ಲಿ. ಚಾಮರಾಜಪೇಟೆಯಲ್ಲಿ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ ಚನ್ನಬಸಪ್ಪನವರ ಕಿರಿಯ ಸೊಸೆ. ಅಂಗಡಿ ಮುಂದೆ, ಮನೆ ಹಿಂದೆ. ಪೇಟೆಯ ಹಳೆಯ ವ್ಯಾಪಾರದ ಮನೆತನ. ಸೈನ್ಯಕ್ಕೆ ಯಾರನ್ನೂ ಕಳಿಸಿದವರಲ್ಲ. ಕಿರಿಯ ಮಗ ನಂಜುಂಡ ಅಂಗಡಿಯ ಗಾದಿಯ ಮೇಲೆ ಅಣ್ಣ ರೇವಣ್ಣನ ಕೈಕೆಳಗೆ ಕೂರಲು ಒಲ್ಲದೆ ಸೈನ್ಯ ಸೇರಿದ್ದ. ರಜೆಗೆ ಬಂದಾಗ ಮದುವೆ ಮಾಡಿದರು. ಅರಿಶಿನದ ಬಣ್ಣ ಹೋಗುವ ಮುಂಚೆ ವಾಪಸು ಕರೆ ಬಂತು.

ಅವನು ಮನೆಗೆ ಬರೆಯುತ್ತಿದ್ದ ಕಾಗದಗಳು ತಂದೆಯ ಹೆಸರಿಗೆ ಬರುತ್ತಿದ್ದವು. ತೀರ್ಥರೂಪು ತಂದೆಯವರಿಗೆ ಸಾಷ್ಟಾಂಗ ನಮಸ್ಕಾರ, ಇತ್ತ ಕ್ಷೇಮ, ಅತ್ತ ಕ್ಷೇಮ, ತಾಯಿಯವರಿಗೆ ನಮಸ್ಕಾರ, ಅಣ್ಣನವರಿಗೆ, ಅತ್ತಿಗೆಯವರಿಗೆ, ಎಲ್ಲರ ಕೊನೆಗೆ "ಚಿರಂಜೀವಿ ಸೌಭಾಗ್ಯವತಿ ಗಿರಿಜಾಳಿಗೆ ಆಶೀರ್ವಾದ." ಆಗಿನ ರೂಢಿಯೇ ಅದು. ಹೊಸದಾಗಿ ಮದುವೆಯಾದವನು ಹೆಂಡತಿಗೆ ಯುದ್ಧಭೂಮಿಯಿಂದ ಕಳಿಸಬಹುದಾದದ್ದು ಒಂದು ಆಶೀರ್ವಾದ. ಚನ್ನಬಸಪ್ಪನವರು ಅದನ್ನು ಗಾದಿಯ ಮೇಲೆ ಕೂತು ಗಟ್ಟಿಯಾಗಿ ಓದಿ, ಗೋಡೆಯಲ್ಲಿ ಬಿಲ್ಲುಗಳನ್ನು ಚುಚ್ಚುವ ತಂತಿಗೆ ಚುಚ್ಚಿಬಿಡುತ್ತಿದ್ದರು. ಚೀಲ ಕೊಳ್ಳಲು ಬಂದ ಗಿರಾಕಿಗಳೂ ನಂಜುಂಡನ ಕ್ಷೇಮ ಓದಿಕೊಂಡು ಹೋಗುತ್ತಿದ್ದರು. ಸೈನ್ಯದಲ್ಲಿ ಕಾಗದ ಓದಿ ನೋಡುವ ಅಧಿಕಾರಿ ಒಬ್ಬನೇ. ಇಲ್ಲಿ ಇಡೀ ರಸ್ತೆ.

ಗಿರಿಜಾ ಒಂದು ಇನ್‌ಲ್ಯಾಂಡ್ ಕೊಂಡು, ಕೌಂಟರಿನ ಅಂಚಿನಲ್ಲೇ ನಿಂತು ಬರೆದಳು. ವಿಳಾಸದ ಹತ್ತಿರ ಬಂದು ನಿಂತಳು.

"ಹೆಸರು ಸರಿಯಾಗಿದೆಯಾ ನೋಡಿ ಮೇಡಂ, ಇಂಗ್ಲಿಷ್‌ನಲ್ಲಿ ಬರೆದಿದೀನಿ."

"ಏನು ಹೆಸರು?"

ಅವಳು ಕಾಗದ ನನ್ನ ಕಡೆ ತಳ್ಳಿದಳು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆಯುವುದಕ್ಕೆ ಅಡ್ಡಿಯಿಲ್ಲ. ಹೆಸರು ಸರಿಯಾಗಿತ್ತು.

"ಇದಕ್ಕೆ ಉತ್ತರ ನನ್ನ ಹೆಸರಿಗೇ ಬರಬೇಕು ಅಂದ್ರೆ ಏನ್ಮಾಡ್ಬೇಕು?"

"ನಿಮ್ಮ ಹೆಸರಿಗೇ ಬರೆಯೋಕೆ ಅವರಿಗೆ ಹೇಳಿ."

"ಅಷ್ಟೇನಾ?" ಎಂದಳು, ಇದಕ್ಕೆ ಇಲಾಖೆಯಲ್ಲಿ ಯಾವುದೋ ದೊಡ್ಡ ಅರ್ಜಿ ಇರಬೇಕು ಎಂದುಕೊಂಡವಳಂತೆ.

ಉತ್ತರ ಬಂತು. ಗಿರಿಜಾಳ ಹೆಸರಿಗೆ ಗಂಡನಿಂದ ಬಂದ ಮೊದಲ ಕಾಗದ. ಅದನ್ನು ಚೀಲದಿಂದ ತೆಗೆದವಳು ನಾನೇ. ಒಂದು ಮೂಲೆ ಹರಿದಿತ್ತು. ಅಂಚಿನುದ್ದಕ್ಕೂ ಕಪ್ಪು ಮಸಿ.

ಇದನ್ನು ಈಗಿನವರಿಗೆ ವಿವರಿಸಬೇಕು. ಶುಭದ ಕಾಗದವಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯಾದರೆ ಮೂಲೆ ಹರಿದು, ಅಂಚಿಗೆ ಮಸಿ ತಗುಲಿಸಿ ಕಳಿಸುತ್ತಿದ್ದರು. ಅಂಥ ಕಾಗದ ಹೊಸಿಲು ದಾಟಬಾರದು. ಬೀದಿಯಲ್ಲೇ ಓದಿ ಅಲ್ಲೇ ಹರಿದು ಹಾಕಬೇಕು. ಓದು ಬಾರದವರಿಗೂ ಈ ಲಿಪಿ ಬರುತ್ತಿತ್ತು.

ನಮ್ಮ ಪೋಸ್ಟ್‌ಮನ್ ಗೋವಿಂದಪ್ಪನಿಗೆ ಚೆನ್ನಾಗಿಯೇ ಬರುತ್ತಿತ್ತು. ಅವನು ಅಂಗಡಿಯೊಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು, ಚಪ್ಪಲಿ ಕಳಚಿ, "ಯಜಮಾನ್ರೇ, ಸ್ವಲ್ಪ ಆಚೆ ಬನ್ನಿ" ಎಂದನಂತೆ. ಅಷ್ಟು ಸಾಕಾಯಿತು. ಒಳಗಿನಿಂದ ನಂಜುಂಡನ ತಾಯಿ ಗೌರಮ್ಮನವರ ಗೋಳು ಕೇಳಿಸಿತು. ಚನ್ನಬಸಪ್ಪನವರು ಬಂದು, ಮುಟ್ಟದೆ, ಬಗ್ಗಿ ವಿಳಾಸ ನೋಡಿದರು.

"ಅವನದೇ ಅಕ್ಷರ."

"ಹಾಗಾದ್ರೆ ಬದುಕಿದಾರೆ ಸ್ವಾಮಿ!" ಎಂದ ಗೋವಿಂದಪ್ಪ.

"ಬರೆದಾಗ ಬದುಕಿದ್ದ. ಮೂಲೆ ಹರಿದವರು ಯಾರು? ಮಸಿ ಬಳಿದವರು ಯಾರು? ಆಮೇಲೆ ಬೇರೆ ಯಾರೋ ಬಳಿದು ಕಳಿಸಿದಾರೆ."

ಒಡೆದು ನೋಡಿ ಎಂದು ಗೋವಿಂದಪ್ಪ ಹೇಳಿದರೆ ಯಜಮಾನರು ಒಪ್ಪಲಿಲ್ಲ.

"ಕೆಟ್ಟ ಮಾಲನ್ನ ಇಳಿಸ್ಕೊಂಡ್ರೆ ತಾನೇ ನಮ್ಮ ನಷ್ಟ? ನಾನು ತಗೊಳ್ಳಲ್ಲ. ಬಂದ ದಾರೀಲೇ ವಾಪಸ್ ಕಳಿಸು. ಶಿವ ಶಿವಾ, ನಾನು ಕಾಗದ ನೋಡೇ ಇಲ್ಲ."

ವ್ಯಾಪಾರದಲ್ಲಿ ಇದು ಸರಿಯಾದ ಕ್ರಮ. ಗೋವಿಂದಪ್ಪ ಕಾಗದ ವಾಪಸು ತಂದು ಸುಬ್ಬರಾಯರ ಮೇಜಿನ ಮೇಲಿಟ್ಟ. ಅವರು ಪೆನ್ನು ತೆಗೆದರು.

"ತಗೊಳ್ಳೋಕೆ ನಿರಾಕರಿಸಿದ್ದಾರೆ. ಹಾಗಂತ ಬರೆದು ಇವತ್ತೇ ಕಳಿಸಿದವರಿಗೆ ವಾಪಸ್ ಹಾಕಮ್ಮ."

ನನಗೆ ಅದು ಕಣ್ಣಿಗೆ ಕಟ್ಟಿತು. ಎಲ್ಲೋ ಕಂದಕದಲ್ಲಿ ಕೂತ ಹುಡುಗ. ಹೆಂಡತಿಗೆ ಬರೆದ ಮೊದಲ ಕಾಗದ ಅವನ ಕೈಗೇ ಹಿಂದಿರುಗುತ್ತದೆ, ಅದರ ಮೇಲೆ ಸರ್ಕಾರಿ ಅಕ್ಷರದಲ್ಲಿ "ನಿರಾಕರಿಸಲಾಗಿದೆ." ಶತ್ರುಗಳಿಗೂ ಇಷ್ಟು ನಿಖರವಾಗಿ ಗುರಿ ಇಡಲಾಗುವುದಿಲ್ಲ.

"ಸಾರ್, ನಿರಾಕರಿಸಿದವರ ಹೆಸರು ಚನ್ನಬಸಪ್ಪ. ಕಾಗದದ ಮೇಲಿರೋದು ಗಿರಿಜಾ" ಎಂದೆ.

"ಮನೆ ಯಜಮಾನರು ಬೇಡ ಅಂದ್ರೆ ಮನೆಯೇ ಬೇಡ ಅಂದ ಹಾಗೆ."

"ಯಜಮಾನರ ಹೆಸರಿಗೆ ಬಂದದ್ದಾದ್ರೆ ಹೌದು ಸಾರ್."

ಸುಬ್ಬರಾಯರಿಗೆ ನನ್ನ ಮಾತು ಹಿಡಿಸಲಿಲ್ಲ. ಕಾಗದಕ್ಕೆ ಭಾವನೆ ಇಲ್ಲ, ತೂಕ ಮಾತ್ರ ಇದೆ ಎನ್ನುವವರು ಅವರು. ಆದರೆ ನಾನು ಭಾವನೆಯ ಮಾತೇ ಆಡಿರಲಿಲ್ಲ, ನಿಯಮದ ಮಾತಾಡಿದ್ದೆ. ಅದಕ್ಕೆ ಅವರು ಸೋಲಲೇಬೇಕಿತ್ತು. ಪೆನ್ನಿಗೆ ಮುಚ್ಚಳ ಹಾಕಿ, "ಸರಿ. ಇಟ್ಟುಕೊಳ್ಳೋ ಅವಧಿ ಮುಗಿಯೋವರೆಗೆ ಇಲ್ಲೇ ಇರ್ಲಿ. ಆ ಹೆಣ್ಣುಮಗಳೇ ಬಂದು ಕೇಳಬೇಕು. ನಾವು ಹೋಗಿ ಕರೆಯೋ ಹಾಗಿಲ್ಲ, ಹೇಳಿ ಕಳಿಸೋ ಹಾಗೂ ಇಲ್ಲ. ತಿಳೀತಾ?" ಎಂದರು.

ಹೊಸದಾಗಿ ಸೇರುವವರಿಗೆ ಇದೊಂದು ಹೇಳುತ್ತೇನೆ. ಕಟ್ಟುನಿಟ್ಟಿನ ಮೇಲಧಿಕಾರಿ ಸಿಕ್ಕರೆ ಅಳಬೇಡಿ. ಅವರ ಕರುಣೆ ಕೇಳಬೇಡಿ; ಪುಸ್ತಕದ ಪುಟ ತೋರಿಸಿ. ಮೃದು ಸ್ವಭಾವದವರು ಈ ದಿನ ಕರಗಿ ಮರುದಿನ ಗಟ್ಟಿಯಾಗುತ್ತಾರೆ. ಪುಟ ಹಾಗೆ ಮಾಡುವುದಿಲ್ಲ.

ಆ ದಿನಗಳಲ್ಲಿ ಚನ್ನಬಸಪ್ಪನವರ ಮನೆಯ ಸ್ಥಿತಿಯನ್ನು ಗೋವಿಂದಪ್ಪ ದಿನವೂ ವರದಿ ಮಾಡುತ್ತಿದ್ದ. ಸುದ್ದಿಯನ್ನು ಸ್ವೀಕರಿಸಿಲ್ಲವಾದ್ದರಿಂದ ಸುದ್ದಿ ಇಲ್ಲ. ಆದರೆ ಕಾಗದ ಬಂದಿತ್ತು ಎನ್ನುವುದು ರಸ್ತೆಗೆಲ್ಲ ಗೊತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ಊಟ ತಂದರು. ಸಾವಾಗಿಲ್ಲವೆಂದು ತೋರಿಸಲು ಗೌರಮ್ಮನವರು ಹೋಳಿಗೆ ಮಾಡಿದರು. ಬಂದವರು ಅರ್ಧ ಮುಖದಲ್ಲಿ ಅಳು, ಅರ್ಧ ಮುಖದಲ್ಲಿ ನಗು ಇಟ್ಟುಕೊಂಡು, ಎರಡೂ ಕಡೆ ತಪ್ಪಾಗದಂತೆ ಮಾತಾಡಿ ಹೋದರು. ಗಿರಿಜಾಳಿಗೆ ಎಂದಿಗಿಂತ ದೊಡ್ಡ ಕುಂಕುಮ, ಎಂದಿಗಿಂತ ಹೆಚ್ಚು ಹೂವು. ಅವಳನ್ನು ಹೊರಗೆ ಬಿಡುತ್ತಿರಲಿಲ್ಲ.

ಅವಧಿ ಮುಗಿಯುತ್ತ ಬಂದಿತ್ತು. ನಾನು ದಿನವೂ ಆ ಕಾಗದವನ್ನು ತೆಗೆದು, ನೋಡಿ, ಒಳಗಿಡುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹಣ್ಣುಕಾಯಿ ಬುಟ್ಟಿ ಹಿಡಿದು ಬಂದು ಕೌಂಟರಿನ ಮುಂದೆ ನಿಂತರು. ಮನೆಯಲ್ಲಿ ಹೇಳಿದ್ದು ಈಶ್ವರನ ಗುಡಿಗೆಂದು.

"ನನಗೆ ಒಂದು ಕಾಗದ ಬಂದಿದೆಯಂತೆ" ಎಂದಳು ಗಿರಿಜಾ.

ನಾನು ಕೊಟ್ಟೆ. ಅವಳು ಅದನ್ನು ಹಿಡಿದು ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ ಹೋಗ್ತೀಯೆ?" ಎಂದರು ಗೌರಮ್ಮನವರು.

"ಬೀದೀಲಿ ಓದ್ಬೇಕಲ್ವಾ ಅತ್ತೆ."

"ಬೀದೀಲಿ ನೋಡೋ ಜನ ಇದಾರೆ. ಇಲ್ಲೇ ಓದು. ಇದು ಸರ್ಕಾರದ ಜಾಗ, ನಮ್ಮ ಹೊಸಿಲಲ್ಲ. ಇಲ್ಲಿ ಏನಾದ್ರೂ ಆದ್ರೆ ಸರ್ಕಾರಕ್ಕೆ ಆಗ್ಲಿ."

ಸುಬ್ಬರಾಯರು ತಲೆ ಎತ್ತಿದರು, ಮತ್ತೆ ಲೆಕ್ಕದ ಪುಸ್ತಕಕ್ಕೆ ತಲೆ ತಗ್ಗಿಸಿದರು. ಗಿರಿಜಾ ಕಾಗದ ಬಿಡಿಸಿದಳು. ಒಳಗೆ ಒಂದು ಸಾಲು ಇದ್ದರೆ ಒಂದು ಸಾಲು ಮಸಿ. ಯಾವ ಊರು, ಯಾವ ನದಿ, ಎಷ್ಟು ಚಳಿ ಎಂದು ಬರೆದಿದ್ದನ್ನೆಲ್ಲ ಅವನ ಅಧಿಕಾರಿ ದಪ್ಪ ಕುಂಚದಲ್ಲಿ ಅಳಿಸಿದ್ದ. ಮಡಿಕೆಯ ಹತ್ತಿರದ ಮಸಿ ಹೀರಿಕೊಂಡು ಹೊರಗಿನ ಅಂಚಿಗೆ ಬಂದಿತ್ತು. ಮೂಲೆ ಚೀಲದಲ್ಲಿ ಎಲ್ಲೋ ಸಿಕ್ಕಿ ಹರಿದಿರಬೇಕು. ಮೇಲೆ ಅಧಿಕಾರಿಯ ಮೊಹರು, ಕೆಳಗೆ ಅಧಿಕಾರಿಯದೇ ರುಜು. ಅಳಿಸಿದ ಮೇಲೆಯೇ ಮಡಿಸಿ ಅಂಟಿಸಿದ್ದು ಎನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. ಅದನ್ನೇ ಅವಳಿಗೆ ತೋರಿಸಿದೆ. ಅವಳು ಅತ್ತೆಗೆ ತೋರಿಸಿದಳು.

"ಹಂಗಾದ್ರೆ ಮಸಿ ಬಳಿದಿದ್ದು?"

"ಅವರ ಸಾಹೇಬ್ರು ಅತ್ತೆ. ಏನೇನೋ ಬರೆಯಬಾರದ್ದು ಬರೆದಿದಾರೆ, ಅದಕ್ಕೆ ಅಳಿಸಿದಾರೆ."

ಗೌರಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇವನಿಗೆ ಮೊದಲಿಂದ್ಲೂ ಬಾಯಿ ಜಾಸ್ತಿ" ಎಂದರು. ಆಮೇಲೆ, "ಉಳಿದಿದ್ದು ಏನು ಬರೆದಿದಾನೆ?"

ಗಿರಿಜಾ ಕಾಗದ ಮಡಿಸಿಬಿಟ್ಟಳು. ಕಿವಿ ಕೆಂಪಾಗಿತ್ತು. ಗೌರಮ್ಮನವರು ಅವಳನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಸ್ಟಾಂಪು ಎಷ್ಟು ಈಗ?" ಎಂದು ಬೇಡದ ಪ್ರಶ್ನೆ ಕೇಳಿದರು.

ಮನೆಯಲ್ಲಿ ಮಗ ಕ್ಷೇಮ ಎಂದು ತಿಳಿಯಿತು. ಹೋಳಿಗೆ ಮತ್ತೆ ಆಯಿತು. ಆದರೆ ಮೂಲೆ ಹರಿದ ಕಾಗದ ಮಾತ್ರ ಒಳಗೆ ಬರಕೂಡದು ಎಂದು ಚನ್ನಬಸಪ್ಪನವರು ಪಟ್ಟು ಹಿಡಿದರು. ಓದಬಾರದು, ಮುಟ್ಟಬಾರದು, ತಂತಿಗೆ ಚುಚ್ಚಬಾರದು. ಗಿರಿಜಾ ಅದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಡಬ್ಬಿಯಲ್ಲಿಟ್ಟಳು. ಮನೆಯಲ್ಲಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಮದುವೆಯಾದ ಮೇಲೆ ಅವಳಿಗೆ ಸಿಕ್ಕ, ಬೇರೆ ಯಾರೂ ಕೈಹಾಕದ ಮೊದಲ ವಸ್ತು ಅದು.

ಮುಂದಿನ ಸಲ ಕೌಂಟರಿಗೆ ಬಂದಾಗ ಅವಳು ಬರೆದದ್ದು ಸ್ವಲ್ಪವೇ. ಅಂಟಿಸುವಾಗ ತಾನೇ ನಕ್ಕಳು.

"ಇನ್ಮೇಲೆ ನನಗೆ ಬರೆಯೋ ಕಾಗದದ ಮೂಲೆ ತೆಗೆದು ಕಳಿಸಿ ಅಂತ ಬರೆದಿದೀನಿ ಮೇಡಂ."

ಬಂದ ಕಾಗದಕ್ಕೆ ಮಸಿ ಇರಲಿಲ್ಲ, ಮೂಲೆ ಇರಲಿಲ್ಲ. ಗೋವಿಂದಪ್ಪ ಕೈಯನ್ನು ಉದ್ದಕ್ಕೆ ಚಾಚಿ ಹಿಡಿದುಕೊಂಡು ಹೋದ, ಹಾಗೆಯೇ ವಾಪಸು ತಂದ. ಕಾಗದವನ್ನು ಮೊದಲೇ ಕಚೇರಿಯಲ್ಲಿಟ್ಟುಕೊಳ್ಳೋಣ ಎಂದರೆ ಸುಬ್ಬರಾಯರು ಒಪ್ಪಲಿಲ್ಲ. ವಿಳಾಸಕ್ಕೆ ಒಯ್ಯಲೇಬೇಕು, ಅಲ್ಲಿ ಬೇಡವೆನ್ನಬೇಕು, ಆಮೇಲೆ ಇಲ್ಲಿಡಬೇಕು. ಹಾಗಾಗಿ ಪ್ರತಿ ಕಾಗದವೂ ಅಂಗಡಿಯವರೆಗೆ ಹೋಗಿ, ಚನ್ನಬಸಪ್ಪನವರಿಂದ ಬೈಸಿಕೊಂಡು, ನಮ್ಮಲ್ಲಿಗೆ ಮರಳಿ, ಸೋಮವಾರ ಗಿರಿಜಾಳ ಹಣ್ಣುಕಾಯಿ ಬುಟ್ಟಿಗೆ ಸೇರುತ್ತಿತ್ತು.

"ಏನಂತಾರಮ್ಮ ನಿಮ್ಮವರು, ಮೂಲೆ ತೆಗೆಯೋಕೆ?" ಎಂದು ಒಮ್ಮೆ ಕೇಳಿದೆ.

"ಬೈದಿದಾರೆ. ಶತ್ರುಗಳು ಕತ್ತರಿಸೋಕೆ ಕಾಯ್ತಿದಾರೆ, ಅವರಿಗಿಂತ ನಿನಗೇ ಅವಸರ ಅಂತ. ಅಲ್ಲಿ ಕ್ಷೌರ ಮಾಡೋರ ಹತ್ತಿರ ಕತ್ತರಿ ಇಸ್ಕೊಂಡು ಕತ್ತರಿಸ್ತಾರಂತೆ."

ಕದನ ನಿಂತ ಮೇಲೂ ಸೈನಿಕರು ಬೇಗ ಮನೆಗೆ ಬರಲಿಲ್ಲ. ತಿಂಗಳುಗಟ್ಟಲೆ ಗಡಿಯಲ್ಲೇ ಇದ್ದರು. ಕಾಗದಗಳು ಬರುತ್ತಲೇ ಇದ್ದವು: ತಂದೆಯ ಹೆಸರಿಗೆ ನಾಲ್ಕು ಸಾಲಿನ ಕ್ಷೇಮ, ಹೆಂಡತಿಯ ಹೆಸರಿಗೆ ಮೂಲೆಯಿಲ್ಲದ ದಪ್ಪ ಲಕೋಟೆ.

ಆ ನಡುವೆ ಗೋವಿಂದಪ್ಪ ಮಗಳ ಮದುವೆಗೆಂದು ರಜೆ ಹಾಕಿದ. ಬದಲಿಗೆ ಬಂದವನು ಚುರುಕಿನವನು. ಚುರುಕಿನವರಿಂದ ಇಲಾಖೆಗೆ ಆಗುವ ತೊಂದರೆ ಸೋಮಾರಿಗಳಿಂದ ಆಗುವುದಿಲ್ಲ. ಅವನು ಮೂಲೆಯನ್ನು ನೋಡಲೂ ಇಲ್ಲ, ಕೂಗಲೂ ಇಲ್ಲ; ಅಂಗಡಿಯ ಗಾದಿಯ ಮೇಲೆ ಕಾಗದ ಎಸೆದು ಮುಂದಿನ ಮನೆಗೆ ಹೋದ. ಅಲ್ಲಿ ಕೂತಿದ್ದವನು ರೇವಣ್ಣ.

ಮಧ್ಯಾಹ್ನ ಚನ್ನಬಸಪ್ಪನವರೇ ಕಚೇರಿಗೆ ಬಂದರು. ಅವರನ್ನು ನಾನು ಅಲ್ಲಿ ನೋಡಿದ್ದು ಅದೇ ಮೊದಲು. ಒಂದು ಗೋಣಿಯ ತುಂಡಿನಲ್ಲಿ ಕಾಗದ ಸುತ್ತಿ ತಂದಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ದೂರಿನ ಪುಸ್ತಕಕ್ಕೆ ಕೈ ಹಾಕಿದೆ.

"ಪುಸ್ತಕ ಬೇಡ ತಾಯಿ" ಎಂದರು. "ನಿಮ್ಮ ಹೊಸ ಹುಡುಗ ಸುಮ್ನೆ ಹಾಕಿ ಹೋಗಿದಾನೆ. ರೇವಣ್ಣ ಒಡೆಯೋಕೆ ಹೊರಟಿದ್ದ. ಕೈಯಿಂದ ಕಿತ್ಕೊಂಡು ಬಂದೆ."

"ಅಶುಭ ಅಂತ ಅವರಿಗೆ ಗೊತ್ತಿರಲಿಲ್ವೇ?"

ಚನ್ನಬಸಪ್ಪನವರು ನನ್ನ ಮುಖ ನೋಡಿದರು. ಆಮೇಲೆ ಕೌಂಟರಿಗೆ ಹತ್ತಿರ ಬಾಗಿ ದನಿ ತಗ್ಗಿಸಿದರು.

"ನಾನು ಗೋಣಿಚೀಲದ ವ್ಯಾಪಾರದವನು. ಇಲಿ ಕಡಿದಿದ್ದು ಯಾವುದು, ಕೊಕ್ಕೆಗೆ ಸಿಕ್ಕಿ ಹರಿದಿದ್ದು ಯಾವುದು, ಕತ್ತರಿ ಹಾಕಿದ್ದು ಯಾವುದು, ಅಷ್ಟೂ ಗೊತ್ತಾಗದೇ ಇದ್ರೆ ಅಂಗಡಿ ಯಾವತ್ತೋ ಮುಚ್ಚಿರ್ತಿದ್ದೆ. ಮೊದಲನೇದು ನೋಡಿ ಎದೆ ಒಡೆದುಹೋಗಿತ್ತು. ಎರಡನೇದು ನೋಡಿದ ದಿನವೇ ತಿಳೀತು."

"ಹಾಗಾದ್ರೆ ಇಷ್ಟು ದಿನ ಬೈದಿದ್ದು?"

"ಬೈಯದೇ ಇದ್ರೆ ಮನೇಲಿ ಎಲ್ಲರೂ ಮುಟ್ತಾರೆ. ನಾನೂ ಓದ್ಬೇಕಾಗುತ್ತೆ, ಓದಿದ ಮೇಲೆ ತಂತಿಗೆ ಚುಚ್ಚಬೇಕಾಗುತ್ತೆ. ನಮ್ಮ ಮನೆ ರೀತಿ ಅದು. ನಾನೇ ಮುರಿಯೋಕಾಗುತ್ತಾ?" ಗೋಣಿಯ ತುಂಡನ್ನು ನೀಟಾಗಿ ಮಡಿಸಿಕೊಂಡರು. "ಹೊಸ ಹುಡುಗನಿಗೆ ಹೇಳಿ. ರಸ್ತೇಲೇ ನಿಂತು ಗಟ್ಟಿಯಾಗಿ ಕೂಗ್ಲಿ. ನನಗೆ ಈಚೆಗೆ ಕಿವಿ ಮಂದ, ಹಿಂದುಗಡೆ ಇದ್ರೆ ಕೇಳ್ಸಲ್ಲ. ಕೇಳಿಸಿದ್ರೆ ಬಂದು ಬೈತೀನಿ."

"ಸೊಸೆಗೆ ಹೇಳಲಾ?"

"ಬೇಡ ತಾಯಿ. ಮಾವನಿಗೆ ಗೊತ್ತು ಅಂದ್ರೆ ಆ ಹುಡುಗಿ ನಾಚ್ಕೊಂಡು ಬರೆಯೋದೇ ನಿಲ್ಲಿಸ್ಬಿಡ್ತಾಳೆ."

ಹೊಸಬನಿಗೆ ಲಿಖಿತ ಸೂಚನೆ ಕೊಡಲಾಗಲಿಲ್ಲ. ಇಂಥದಕ್ಕೆ ನಿಯಮ ಇಲ್ಲ. ಬಾಯಲ್ಲಿ ಹೇಳಿದೆ. ಅವನು ಚುರುಕಿನವನೇ ಆದ್ದರಿಂದ ಇದನ್ನೂ ಚುರುಕಾಗಿ ಮಾಡಿದ. ಮುಂದಿನ ಕಾಗದಕ್ಕೆ ಬಿದ್ದ ಬೈಗುಳ ರಸ್ತೆ ಕೊನೆಯ ಹಿಟ್ಟಿನ ಗಿರಣಿಯವರೆಗೆ ಕೇಳಿಸಿತು ಎಂದು ವರದಿ ತಂದ. ನಂಜುಂಡ ರಜೆಯ ಮೇಲೆ ಮನೆಗೆ ಬರುವವರೆಗೂ ಈ ಏರ್ಪಾಡು ಒಂದು ದಿನವೂ ತಪ್ಪಲಿಲ್ಲ.

ಆ ಬೈಗುಳವಾದ ಮೇಲಿನ ಸೋಮವಾರ ಗಿರಿಜಾ ಬಂದಾಗ ಮುಖ ಊದಿಕೊಂಡಿತ್ತು.

"ನೋಡಿ ಮೇಡಂ, ನಮ್ಮ ಮಾವನವರು ನನ್ನ ಒಂದು ಕಾಗದಕ್ಕೆ ಬೀದಿಗೆ ಬೀದಿಯೇ ಕೇಳೋ ಹಾಗೆ ಕೂಗಾಡಿದ್ರು. ಹೊಸ ಪೋಸ್ಟ್‌ಮನ್ 'ಅಪ್ಪಾ' ಅಂತ ಓಡಿಹೋದ. ಮಗ ಅಷ್ಟು ದೂರದಿಂದ ಬರೆದಿದ್ದು ಅಂತ ಒಂದು ಚೂರಾದ್ರೂ ಕರುಣೆ ಬೇಡ್ವಾ? ಅವರ ಎದೆ ಕಲ್ಲು ಮೇಡಂ, ಕಲ್ಲು."

"ಹೌದಮ್ಮ, ಹಾಗೇ ಕಾಣುತ್ತೆ" ಎಂದು ಕಾಗದವನ್ನು ಅವಳ ಕೈಗೆ ಕೊಟ್ಟೆ.